ಅಂಧೇರಿಯ ಗುಡ್ಡ, ಮಲ್ಪೆಯ ಪಾರೆ

ಅಂಧೇರಿ ಪಶ್ಚಿಮದಲ್ಲಿ ಭವನ್ಸ್ ಕಾಲೇಜಿನ ಹಿಂಭಾಗದ ಓಣಿಗಳನ್ನು ಹೊಕ್ಕರೆ ಮೊದಲು ಕಾಣುವುದು ಮುಂಬಯಿಯ ಎಲ್ಲ ಓಣಿಗಳಲ್ಲೂ ಕಾಣುವಂಥದ್ದೇ. ವಡಾಪಾವ್ ಗಾಡಿ, ಮೊಬೈಲ್ ರಿಪೇರಿ ಅಂಗಡಿ, ಸಾಲಾಗಿಟ್ಟ ನೀಲಿ ನೀರಿನ ಡ್ರಮ್ಮುಗಳು, ತಲೆ ಮೇಲೆ ಜೋತುಬಿದ್ದ ಕೇಬಲ್ಲುಗಳು, ಎದುರು ಬರುವ ರಿಕ್ಷಾಕ್ಕೆ ಗೋಡೆಗಂಟಿ ದಾರಿ ಬಿಡುವ ಜನ. ಅಲ್ಲೊಂದು ತಿರುವು. ತಿರುವಿನಾಚೆ, ಮನೆಗಳ ತಗಡಿನ ಮಾಡುಗಳ ಹಿಂದೆ, ಆಕಾಶ ಇರಬೇಕಾದ ಜಾಗದಲ್ಲಿ ಕಲ್ಲು ನಿಂತಿದೆ. ಕಪ್ಪು ಕಲ್ಲು. ಗುಡ್ಡವೆಂದ ಮೇಲೆ ಇರಬೇಕಾದ ಇಳಿಜಾರೇ ಅದಕ್ಕಿಲ್ಲ. ನೆಲದಿಂದ ನೆಟ್ಟಗೆ ಸುಮಾರು 200 ಅಡಿ ಮೇಲಕ್ಕೆ ಹೋಗಿ ಅಲ್ಲಿಗೇ ನಿಂತುಬಿಟ್ಟಿದೆ. ಅದರ ಮೈತುಂಬ ಮೇಲಿನಿಂದ ಕೆಳಗಿನವರೆಗೆ ಉದ್ದುದ್ದ ಗೆರೆಗಳು. ಕಣ್ಣು ಸ್ವಲ್ಪ ಪಳಗಿದ ಮೇಲೆ ಒಂದೊಂದು ಗೆರೆಯೂ ಒಂದೊಂದು ಕಂಬದ ಅಂಚೆಂದು ಗೊತ್ತಾಗುತ್ತದೆ. ಒಂದರ ಮಗ್ಗುಲಿಗೊಂದು, ಗಾಳಿಗೂ ಎಡೆ ಕೊಡದಂತೆ ಒತ್ತಿ ನಿಂತ ಕಲ್ಲಿನ ಕಂಬಗಳು. ಯಾವ ಉಳಿಯೂ ತಾಗದೆ ಆದ ಕಂಬಗಳು.

ಇದು ಗಿಲ್ಬರ್ಟ್ ಹಿಲ್. ಸುತ್ತಲಿನ ಮರಾಠಿ ಜನರಿಗೆ ಗಾಂವ್‌ದೇವಿಯ ಡೋಂಗರ್. ಆಜಾದ್ ನಗರ ಮೆಟ್ರೋ ನಿಲ್ದಾಣದಿಂದ ನಡೆದೇ ಬರಬಹುದು. ವೀರ ದೇಸಾಯಿ ರಸ್ತೆಯ ಬಳಿಯ ಮೊಗವೀರ ಭವನವೂ ಇಲ್ಲಿಂದ ದೂರವಿಲ್ಲ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯ ಶಾಲೆ-ಕಾಲೇಜುಗಳೂ ಆ ಆವರಣದಲ್ಲೇ ಇವೆ. ಅಲ್ಲಿಗೆ ಮದುವೆಗೆಂದೋ ಯಕ್ಷಗಾನಕ್ಕೆಂದೋ ಬರುವ ನಮ್ಮ ಕರಾವಳಿಯ ಕುಟುಂಬಗಳಲ್ಲಿ ಎಷ್ಟು ಮಂದಿ ಈ ಕಲ್ಲಿನ ಕಡೆಗೆ ಹೆಜ್ಜೆ ಹಾಕಿದ್ದಾರೋ! ಹಾಕಬೇಕು ಎಂಬುದೇ ಈ ಬರಹದ ಆಸೆ. ಏಕೆಂದರೆ ಇಂಥದೇ ಕಂಬಗಳ ಇನ್ನೊಂದು ಊರು ಮಲ್ಪೆಯ ಕಡಲಲ್ಲಿದೆ. ಆ ಎರಡನ್ನೂ ಒಂದೇ ಬಾಳಿನಲ್ಲಿ ಮುಟ್ಟಿ ನೋಡುವ ಭಾಗ್ಯ ಮುಂಬಯಿಯ ಕನ್ನಡಿಗರಿಗೆ ಇರುವಷ್ಟು ಸುಲಭವಾಗಿ ಬೇರೆ ಯಾರಿಗೂ ಇಲ್ಲ.

ಮೊದಲು ಕಂಬದ ಮಾತು. ಬಸಾಲ್ಟ್ ಲಾವಾ ಭೂಮಿಯಿಂದ ಹೊರಬರುವಾಗ ಅದರ ಬಿಸಿ ಸುಮಾರು 1,100 ಡಿಗ್ರಿ ಸೆಲ್ಸಿಯಸ್. ಅದು ಎಲ್ಲೋ ಒಂದು ಕಡೆ ದಪ್ಪಗೆ ಮಡುಗಟ್ಟಿ ನಿಂತು ಮೇಲಿನಿಂದಲೂ ಕೆಳಗಿನಿಂದಲೂ ಆರತೊಡಗುತ್ತದೆ. ಆರುವ ಕಲ್ಲು ಕುಗ್ಗುತ್ತದೆ. ಆದರೆ ಅಷ್ಟಗಲದ ಪದರ ಒಟ್ಟಾಗಿ ಒಂದೇ ಕಡೆಗೆ ಸರಿದು ಕುಗ್ಗಲು ಜಾಗವೆಲ್ಲಿದೆ? ಹಾಗಾಗಿ ಅದು ನಿಂತಲ್ಲೇ ಬಿರಿಯುತ್ತದೆ. ಬೇಸಿಗೆಯಲ್ಲಿ ವಿಜಯಪುರದ ಕಡೆಯ ಎರೆ ಹೊಲ ಬಾಯಿ ಬಿಟ್ಟಾಗ ನೆಲದ ಮೇಲೆ ಮೂಡುವ ಬಿರುಕಿನ ಜಾಲವನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಎರೆ ಮಣ್ಣಾದರೂ ಎಲ್ಲಿಯದು? ಇದೇ ದಖನ್ ಲಾವಾದ ಕಲ್ಲು ಯುಗಯುಗಗಳ ಮಳೆ-ಬಿಸಿಲಿಗೆ ಕೊಳೆತು ಆದದ್ದು. ಹೊಲದಲ್ಲಿ ಬಿರುಕು ಮೊಳದಾಳಕ್ಕೆ ಹೋಗಿ ನಿಲ್ಲುತ್ತದೆ. ಲಾವಾದಲ್ಲಿ ಹಾಗೆ ನಿಲ್ಲುವುದಿಲ್ಲ. ತಂಪು ಒಳಕ್ಕೆ ಇಳಿದಂತೆ ಅದರ ಬೆನ್ನಿಗೇ ಬಿರುಕೂ ಇಳಿಯುತ್ತ ಹೋಗುತ್ತದೆ. ಮೂರು ಬಿರುಕುಗಳು ಕೂಡುವ ಕಡೆ ಸಮನಾಗಿ ಹಂಚಿಕೊಂಡರೆ ಒಂದೊಂದರ ಪಾಲಿಗೆ 120 ಡಿಗ್ರಿ. ಎಲ್ಲ ಕೂಡುಗಳೂ ಹಾಗೇ ಆದರೆ ನಡುವೆ ಉಳಿಯುವುದು ಆರು ಮೂಲೆಯ ತುಂಡು. ಐದು ಮೂಲೆ, ಏಳು ಮೂಲೆಯವೂ ಸಿಗುತ್ತವೆ. ಪ್ರಕೃತಿಗೆ ಜಾಮಿಟ್ರಿ ಪೆಟ್ಟಿಗೆಯ ಹಂಗಿಲ್ಲ. ನಿಧಾನ ಆರಿದರೆ ದಪ್ಪ ಕಂಬ, ಬೇಗ ಆರಿದರೆ ಸಣ್ಣ ಕಂಬ.

ಟೊರಾಂಟೊ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳಾದ ಲೂಕಾಸ್ ಗೋರಿಂಗ್ ಮತ್ತು ಸ್ಟೀಫನ್ ಮಾರಿಸ್ ಇದನ್ನು ತಿಳಿಯಲು ಮೆಕ್ಕೆಜೋಳದ ಹಿಟ್ಟನ್ನು, ಅಂದರೆ ಅಡುಗೆಮನೆಯ ಕಾರ್ನ್‌ಫ್ಲೋರನ್ನು, ನೀರಿನಲ್ಲಿ ಕಲಸಿ ದೀಪದ ಬಿಸಿಯಲ್ಲಿ ಒಣಗಿಸಿದರು. ಆ ಹಿಟ್ಟಿನೊಳಗೂ ಬೆರಳಗಲದ ಕಂಬಗಳು ಎದ್ದು ನಿಂತವು. ಅಂಧೇರಿಯ ಈ ಕಲ್ಲಿನ ಗೋಡೆಯೆದುರು ನಿಂತಾಗಲೆಲ್ಲ ನನಗೆ ಆ ಪ್ರಯೋಗದ ನೆನಪಾಗುತ್ತದೆ. ಬಟ್ಟಲೊಳಗಿನ ಹಿಟ್ಟಿಗೂ ಇಪ್ಪತ್ತು ಮಾಳಿಗೆಯೆತ್ತರದ ಬಂಡೆಗೂ ಒಂದೇ ಲೆಕ್ಕ ಹೊಂದುತ್ತದೆ ಎಂದು ತಿಳಿದ ಮೇಲೆ ಬೆರಗು ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಇಂಥ ಕಲ್ಲು ಜಗತ್ತಿನಲ್ಲಿ ಮೂರೇ ಕಡೆ ಇದೆ, ಅದರಲ್ಲಿ ಇದೊಂದು ಎಂದು ಇಲ್ಲಿನವರು ಹೆಮ್ಮೆಯಿಂದ ಹೇಳುತ್ತಾರೆ. ಪತ್ರಿಕೆಗಳಲ್ಲೂ ಹಾಗೇ ಬರೆಯುತ್ತಾರೆ. ಉಳಿದೆರಡು ಅಮೆರಿಕದವು: ವಯೋಮಿಂಗ್‌ನ ಡೆವಿಲ್ಸ್ ಟವರ್, ಕ್ಯಾಲಿಫೋರ್ನಿಯಾದ ಡೆವಿಲ್ಸ್ ಪೋಸ್ಟ್‌ಪೈಲ್. ನಿಜ ನೋಡಿದರೆ ಕಂಬಗಟ್ಟಿದ ಕಲ್ಲು ಅಷ್ಟು ಅಪರೂಪದ್ದೇನಲ್ಲ. ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇಯಲ್ಲಿ ಸುಮಾರು 40,000 ಕಂಬಗಳು ಕಡಲಿಗಿಳಿದಿವೆ. ಕೊಲ್ಲಾಪುರದ ಪನ್ಹಾಳದ ಬಳಿ ಬಾಂದಿವಡೆಯಲ್ಲಿಯೂ ಇವೆ. ಡೆವಿಲ್ಸ್ ಟವರಿನ ಕಲ್ಲಂತೂ ಬಸಾಲ್ಟೇ ಅಲ್ಲ, ಬೇರೆ ಜಾತಿಯದು. ಆದರೆ ಕೋಟಿಗಟ್ಟಲೆ ಜನರ ಮಹಾನಗರದ ಒಳಗೆ, ರೇಷನ್ ಅಂಗಡಿಗೂ ಮಸೀದಿಗೂ ಗಣಪತಿ ಮಂಟಪಕ್ಕೂ ನಡುವೆ, ಇಷ್ಟೆತ್ತರದ ಕಂಬಗಳ ಬಂಡೆ ಒಂಟಿಯಾಗಿ ಎದ್ದು ನಿಂತಿರುವುದನ್ನು ನಾನು ಬೇರೆಲ್ಲೂ ಕೇಳಿಲ್ಲ. ಇದರ ಹೆಗ್ಗಳಿಕೆಗೆ ಅಷ್ಟು ಸಾಕು. ಈ ಬಂಡೆಯನ್ನು ‘ಏಕಶಿಲೆ’ ಎನ್ನುವುದಕ್ಕಿಂತ ನೂರಾರು ಕಂಬಗಳ ಒಂದು ಕಂತೆ ಎನ್ನುವುದೇ ಸರಿ.

ವಯಸ್ಸಿನ ವಿಷಯದಲ್ಲೂ ಜನಜನಿತ ಕಥೆಗೂ ಅಳತೆಗೂ ಸ್ವಲ್ಪ ಅಂತರವಿದೆ. ಡೈನೊಸಾರುಗಳ ಕಾಲದ್ದು, ಆರೂವರೆ ಕೋಟಿ ವರ್ಷ ಹಳೆಯದು ಎಂದು ಸಾಮಾನ್ಯವಾಗಿ ಹೇಳುವುದುಂಟು. ಭೂವಿಜ್ಞಾನಿ ಹೇತು ಶೇಠ್ ಮತ್ತು ಸಂಗಡಿಗರು ಇದರ ಕಲ್ಲಿನ ತುಣುಕನ್ನು ಆರ್ಗಾನ್ ವಿಧಾನದಲ್ಲಿ ಅಳೆದು 2001ರಲ್ಲಿ ಪ್ರಕಟಿಸಿದ ವಯಸ್ಸು ಸುಮಾರು 6 ಕೋಟಿ 5 ಲಕ್ಷ ವರ್ಷ. ಅಂದರೆ ದಖನ್ ಪ್ರಸ್ಥಭೂಮಿಯ ಮುಖ್ಯ ಲಾವಾ ಪ್ರವಾಹಗಳೆಲ್ಲ ಹರಿದು, ಡೈನೊಸಾರುಗಳು ಅಳಿದು, ಲಕ್ಷ ಲಕ್ಷ ವರ್ಷಗಳು ಕಳೆದ ಮೇಲೆ ಬಂದ ಕಿರಿಯ ಬೆಂಕಿ ಇದು. ಘಾಟಿನ ಲಾವಾ ಪದರಗಳು ಮಟ್ಟಸ ಮಲಗಿವೆ. ಕರ್ಜತ್ ದಾಟಿ ಖಂಡಾಲಾ ಏರುವ ರೈಲಿನಿಂದ ಅವನ್ನು ಯಾರೂ ನೋಡಬಹುದು. ಮುಂಬಯಿಗೆ ಬರುತ್ತಿದ್ದಂತೆ ಪದರಗಳು ಪಡುವಣಕ್ಕೆ ಓರೆಯಾಗಿ ಕಡಲಿಗೆ ಬಾಗುತ್ತವೆ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಈ ಲಾವಾ ಎಲ್ಲ ಒಂದೇ ಸಲ ಉಕ್ಕಿತು ಎಂದೂ ತಿಳಿಯಬಾರದು. ನಡುನಡುವೆ ಬಿಡುವಿತ್ತು. ಬಿಡುವಿನಲ್ಲಿ ಮಳೆ ಬಂತು, ಕೆರೆಗಳಾದವು, ಕೆರೆಗಳಲ್ಲಿ ಕಪ್ಪೆಗಳಾದವು. ಇದು ಊಹೆಯ ಮಾತಲ್ಲ. ವರ್ಲಿಯಲ್ಲಿ ಎರಡು ಲಾವಾ ಪದರಗಳ ನಡುವಿನ ಜೇಡಿಗಲ್ಲಿನಲ್ಲಿ ಪುಟ್ಟ ಕಪ್ಪೆಗಳ ಎಲುಬುಗೂಡುಗಳು ಅಚ್ಚೊತ್ತಿದಂತೆ ಸಿಕ್ಕವು. ಲಂಡನ್ನಿನ ರಿಚರ್ಡ್ ಓವನ್ 1847ರಲ್ಲಿ ಅವಕ್ಕೆ ಹೆಸರಿಟ್ಟು ವರ್ಣಿಸಿದ. ‘ಡೈನೊಸಾರ್’ ಎಂಬ ಹೆಸರು ಕೊಟ್ಟವನೂ ಅವನೇ. ಇಂದು ಆ ಕಪ್ಪೆಯ ಹೆಸರು ಇಂಡೊಬ್ಯಾಟ್ರಾಕಸ್. ಎರಡು ಬೆಂಕಿಯ ಹೊಳೆಗಳ ನಡುವಿನ ತಣ್ಣನೆಯ ಕಾಲದಲ್ಲಿ ಮುಂಬಯಿಯಲ್ಲಿ ಕಪ್ಪೆಗಳು ವಟಗುಟ್ಟಿದ್ದವು ಎಂಬುದನ್ನು ಓದಿದ ದಿನ ನನಗೆ ಬಹಳ ಹೊತ್ತು ನಿದ್ದೆ ಹತ್ತಲಿಲ್ಲ.

ಮೇಲೆ ಹೋಗಲು ಬಂಡೆಯಲ್ಲೇ ಕಡಿದ ಮೆಟ್ಟಿಲುಗಳಿವೆ. ಕಡಿದಾದವು, ಒಂದೆರಡು ಕಡೆ ಕೈಯೂ ನೆರವಿಗೆ ಬರಬೇಕು. ಏರುವಾಗ ಅಂಗೈ ತಾಗಿದ ಕಲ್ಲು ಮಧ್ಯಾಹ್ನದಲ್ಲಿ ಸುಡುತ್ತದೆ, ಆದ್ದರಿಂದ ಬೆಳಿಗ್ಗೆ ಹೋಗುವುದೇ ಒಳ್ಳೆಯದು. ಪಕ್ಕದ ಕಟ್ಟಡಗಳ ಬಾಲ್ಕನಿಗಳು ಒಂದೊಂದಾಗಿ ಕೆಳಗಿಳಿಯುತ್ತವೆ: ಒಣಹಾಕಿದ ಸೀರೆ, ತುಳಸಿ ಕುಂಡ, ಕುಕ್ಕರಿನ ಸೀಟಿ, ಬೆಳಗಿನ ಪಾಠ ಒಪ್ಪಿಸುವ ಮಗುವಿನ ದನಿ. ಮೇಲೆ ತಲುಪಿದರೆ ಸಣ್ಣದೊಂದು ಹಸಿರು ತೋಟ, ಮರಗಳ ನೆರಳು, ಗಾಂವ್‌ದೇವಿಯ ಗುಡಿ, ದುರ್ಗಾಮಾತೆಯ ಗುಡಿ. ಆರು ಕೋಟಿ ವರ್ಷದ ಕಂಬಗಳ ತುದಿಯಲ್ಲಿ ಹೂವು, ಕುಂಕುಮ, ತೆಂಗಿನಕಾಯಿ. ನವರಾತ್ರಿಯಲ್ಲಿ ಈ ಮೆಟ್ಟಿಲುಗಳ ಮೇಲೆ ಸಾಲು ನಿಲ್ಲುತ್ತದೆ. ಗುಡಿಯ ಮುಂದೆ ಗುಡಿಸುತ್ತಿದ್ದ ಅಜ್ಜಿಯೊಬ್ಬರು ನನ್ನನ್ನು ನೋಡಿ, “ಬಸಾ, ಪಾಣೀ ಪ್ಯಾ” ಎಂದು ನೀರು ಕೊಟ್ಟರು. ಇಷ್ಟು ಮೆಟ್ಟಿಲನ್ನು ದಿನವೂ ಹತ್ತುತ್ತೀರಾ ಎಂದು ಕೇಳಿದೆ. ದೇವಿ ಹತ್ತಿಸುತ್ತಾಳೆ ಎಂದರು.

ತೋಟದ ಅಂಚಿಗೆ ನಿಂತರೆ ಅಂಧೇರಿ ಪೂರ್ತಿ ಕಾಣುತ್ತದೆ. ಪಡುವಣಕ್ಕೆ ವರ್ಸೋವಾ, ಅದರಾಚೆ ಕಡಲಿನ ಬಿಳಿಚಿದ ಗೆರೆ. ಸಾಂತಾಕ್ರೂಜಿನ ಕಡೆಯಿಂದ ಏರಿ ನೀರಿನ ಮೇಲೆ ತಿರುಗುವ ವಿಮಾನಗಳು. ಬಡಗಣಕ್ಕೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಬೆಟ್ಟಗಳು, ಕಾನ್ಹೇರಿಯ ಗುಹೆಗಳನ್ನು ಹೊತ್ತಿರುವವು. ಅವೂ ಜ್ವಾಲಾಮುಖಿಯ ಕಲ್ಲೇ. ಹತ್ತಿರದ ಜೋಗೇಶ್ವರಿಯ ಗುಹೆ, ಅಂಧೇರಿ ಪೂರ್ವದ ಮಹಾಕಾಳಿ ಗುಹೆ, ಘಾರಾಪುರಿಯ ತ್ರಿಮೂರ್ತಿ, ಎಲ್ಲವೂ ಅದೇ ಮೈಯಲ್ಲಿ ಕಡೆದದ್ದು. ರಾಜಾಬಾಯಿ ಗೋಪುರಕ್ಕೆ ಕುರ್ಲಾದ ಕಲ್ಲು ಬಂತು, ಮ್ಯೂಸಿಯಮ್ಮಿಗೆ ಕುರ್ಲಾದ್ದೂ ಮಲಾಡಿನದೂ ಬಂತು. ಬ್ಯಾಂಡ್‌ಸ್ಟ್ಯಾಂಡಿನ ತೀರದಲ್ಲಿ ಅಲೆಗೆ ಮೈಯೊಡ್ಡಿದ ಕರಿಬಂಡೆಗಳು, ನಮ್ಮ ಕಾದಂಬರಿಕಾರ ಯಶವಂತ ಚಿತ್ತಾಲರು ಮನೆಯಿಂದ ದಿನವೂ ಕಾಣುತ್ತಿದ್ದಂಥವು, ಅವೂ ಈ ವಂಶದವೇ. ಮುಂಬಯಿಯನ್ನು ಕಡಲಿನ ಊರು ಎನ್ನುತ್ತೇವೆ. ಬೆಂಕಿಯ ಊರು ಎಂದರೂ ತಪ್ಪಲ್ಲ.

ಗುಡ್ಡ ಈಗ ಇಷ್ಟು ನೆಟ್ಟಗೆ, ಇಷ್ಟು ಬೆತ್ತಲೆಯಾಗಿ ಕಾಣುವುದಕ್ಕೆ ಮನುಷ್ಯನ ಕೈಯೂ ಕಾರಣ. ಸುತ್ತಲಿನ ಕಲ್ಲನ್ನು ಕ್ವಾರಿಯವರು ವರ್ಷಗಟ್ಟಲೆ ಒಡೆದು ಒಯ್ದರು. ಬೆಳೆಯುವ ನಗರಕ್ಕೆ ಜಲ್ಲಿ ಬೇಕಿತ್ತು, ಅಡಿಪಾಯಕ್ಕೆ ಕಲ್ಲು ಬೇಕಿತ್ತು. ಅಂಧೇರಿ-ಜೋಗೇಶ್ವರಿಯ ಗುಡ್ಡಗಳು ಹೀಗೇ ಕರಗಿದವು. ಆಮೇಲೆ ಬುಡದವರೆಗೂ ಗುಡಿಸಲುಗಳು ಬಂದವು, ಅವುಗಳ ಹಿಂದೆ ಕಟ್ಟಡಗಳು ಬಂದವು. ಭೂವಿಜ್ಞಾನಿಗಳು ಬಿಡದೆ ಕೇಳಿಕೊಂಡ ಮೇಲೆ ಮುಂಬಯಿ ಮಹಾನಗರಪಾಲಿಕೆ 2007ರಲ್ಲಿ ಇದನ್ನು ಎರಡನೇ ದರ್ಜೆಯ ಪರಂಪರೆಯ ತಾಣವೆಂದು ಪಟ್ಟಿಗೆ ಸೇರಿಸಿತು. ಈಗ ಇದನ್ನು ಒಡೆಯುವಂತಿಲ್ಲ. ಅದಕ್ಕೂ ಮುಂಚೆ ಎಷ್ಟೋ ಕಾಲ ಇದನ್ನು ಕಾದವಳು ತುದಿಯಲ್ಲಿರುವ ದೇವಿ ಎಂದೇ ನಾನು ನಂಬಿದ್ದೇನೆ. ಗುಡಿಯಿದ್ದ ಬಂಡೆಗೆ ಸಿಡಿಮದ್ದು ಇಡಲು ಯಾವ ಕೂಲಿಯವನಿಗೆ ಕೈ ಬಂದೀತು? ಕಾಯ್ದೆ ಬರುವವರೆಗೆ ಭಕ್ತಿ ಕಾವಲು ನಿಂತಿತು.

ಆದರೂ ಅಪಾಯ ಮುಗಿದಿಲ್ಲ. ಕಂಬಗಳ ನಡುವಿನ ಸಂದಿಗಳಲ್ಲಿ ಮಳೆನೀರು ಇಳಿಯುತ್ತದೆ, ಅರಳಿಯಂಥ ಮರಗಳ ಬೇರು ಇಳಿಯುತ್ತದೆ. ವರ್ಷ ವರ್ಷ ಸಂದಿ ಅಗಲವಾಗಿ ಒಂದು ದಿನ ತುಂಡು ಕಳಚಿ ಬೀಳುತ್ತದೆ. ಬುಡದಲ್ಲಿರುವುದು ಬಡವರ ಮನೆಗಳು. ಕಲ್ಲನ್ನು ಉಳಿಸುವ ಯೋಚನೆಯಲ್ಲಿ ಆ ಮನೆಗಳವರಿಗೆ ಸುರಕ್ಷಿತ ಜಾಗ ಕೊಡುವ ಯೋಚನೆಯೂ ಸೇರಿರಬೇಕು. ಒಂದು ಒಳ್ಳೆಯ ಫಲಕ ಬೇಕು: ಈ ಕಂಬಗಳು ಹೇಗಾದವು, ಇವುಗಳ ವಯಸ್ಸೇನು ಎಂದು ಮರಾಠಿಯಲ್ಲಿ, ಹಿಂದಿಯಲ್ಲಿ ಮಕ್ಕಳಿಗೆ ತಿಳಿಯುವಂತೆ ಬರೆದದ್ದು. ಈ ಓಣಿಯಲ್ಲಿ ಕ್ರಿಕೆಟ್ ಆಡುವ ಹುಡುಗರು ಜಗತ್ತಿನ ದೊಡ್ಡದೊಂದು ಪಾಠದ ಗೋಡೆಗೇ ವಿಕೆಟ್ ಬರೆದಿದ್ದಾರೆ. ಅವರಿಗೆ ಅದು ಗೊತ್ತಾಗಲಿ.

ನನ್ನ ಜೊತೆಗೆ ಆ ದಿನ ಮೇಲೆ ಬಂದವರು ನಮ್ಮ ಸೊಸೈಟಿಯ ಹಿರಿಯರೊಬ್ಬರು. ಮಲ್ಪೆಯವರು. ನಾವೆಲ್ಲ ಅವರನ್ನು ಮಾಮ ಎನ್ನುತ್ತೇವೆ. ಎಳವೆಯಲ್ಲೇ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ, ಕಂಪೆನಿಯೊಂದರಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಮಂಡಿನೋವಿದ್ದರೂ ಹಟಹಿಡಿದು ಹತ್ತಿದರು. ಅರ್ಧ ದಾರಿಯಲ್ಲಿ ನಿಂತು ಗೋಡೆಯ ಮೇಲೆ ಅಂಗೈ ಇಟ್ಟು, ಒಂದು ಕಂಬದ ಮೂಲೆಯನ್ನು ಬೆರಳಲ್ಲಿ ಸವರಿ, “ಇದು ನಮ್ಮ ತೋನ್ಸೆಪಾರಿನ ಕಲ್ಲಲ್ಲವಾ ಮಾರಾಯಾ?” ಎಂದರು.

ಪ್ರವಾಸಿಗರು ಸೇಂಟ್ ಮೇರೀಸ್ ಎಂದು ಕರೆಯುವ ದ್ವೀಪಗಳಿಗೆ ಮಲ್ಪೆಯ ಮೀನುಗಾರರ ಹೆಸರು ತೋನ್ಸೆಪಾರ್. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮೇರಿಮಾತೆಯ ಹೆಸರಿಟ್ಟ ಎಂಬ ಐತಿಹ್ಯವಿದೆ. ದಡದಿಂದ ಬೋಟಿನಲ್ಲಿ ಸ್ವಲ್ಪ ಹೊತ್ತಿನ ದಾರಿ. ತೆಂಗಿನ ಮರಗಳಿರುವ ದ್ವೀಪದ ಪಡುವಣ ಬದಿಯಲ್ಲಿ ಕಂಬಗಳು ಗುಂಪುಗುಂಪಾಗಿ ನೀರಿಗಿಳಿಯುತ್ತವೆ. ಕೆಲವು ಮೊಣಕಾಲೆತ್ತರ, ಕೆಲವು ಮೂರಾಳೆತ್ತರ. ಕೆಲವು ನೆಟ್ಟಗೆ, ಕೆಲವು ವಾಲಿಕೊಂಡು. ಅಲೆ ಬಂದು ಸಂದಿಗಳಲ್ಲಿ ತುಂಬಿ ಹಿಂದೆ ಸರಿದಾಗ ಪ್ರತಿ ಕಂಬದ ತಲೆಯ ಮೂಲೆಗಳೂ ಮಿರುಗುತ್ತವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಮಾಮ ಅಲ್ಲಿಗೆ ಹುಡುಗನಾಗಿದ್ದಾಗ ಅಪ್ಪನ ದೋಣಿಯಲ್ಲಿ ಪಚ್ಚಿಲೆ ಕೀಳಲು ಹೋಗುತ್ತಿದ್ದರಂತೆ. “ಬರಿಗಾಲಲ್ಲಿ ಕಂಬದಿಂದ ಕಂಬಕ್ಕೆ ಹಾರುತ್ತಿದ್ದೆವು. ಯಾರೋ ದೇವಸ್ಥಾನ ಕಟ್ಟಲಿಕ್ಕೆ ಹೊರಟು ಅರ್ಧಕ್ಕೆ ಬಿಟ್ಟದ್ದು ಅಂತ ಅಜ್ಜಿ ಹೇಳುತ್ತಿದ್ದರು” ಎಂದರು.

ಮಾಮನ ಬೆರಳು ಗುರುತಿಸಿದ್ದು ಆಕಾರವನ್ನು, ಅದು ಸರಿಯೇ. ಎರಡು ಕಡೆಯೂ ಕಂಬ ಕಟ್ಟಿದ ಬಗೆ ಒಂದೇ. ಕಲ್ಲಿನ ಜಾತಿ ಮಾತ್ರ ಬೇರೆ. ಇಲ್ಲಿಯದು ಕಪ್ಪು ಬಸಾಲ್ಟ್. ತೋನ್ಸೆಪಾರಿನದು ಸಿಲಿಕಾ ಹೆಚ್ಚಿರುವ, ಮೈಬಣ್ಣ ತುಸು ತಿಳಿಯಾದ ಲಾವಾ, ರಯೋಲೈಟ್-ಡೇಸೈಟ್ ಬಳಗದ್ದು. ವಯಸ್ಸೂ ಬೇರೆ, ಆ ವಯಸ್ಸಿನ ಹಿಂದಿನ ಕಥೆಯೂ ಬೇರೆ. ಆ ಕಥೆಯನ್ನು ಗುಡಿಯ ಕಟ್ಟೆಯ ಮೇಲೆ ಕೂತು ಮಾಮನಿಗೆ ಹೇಳಿದೆ.

ಒಂದು ಕಾಲದಲ್ಲಿ ನಮ್ಮ ಪಡುವಣ ತೀರಕ್ಕೆ ತೀರವೇ ಇರಲಿಲ್ಲ. ಮಲ್ಪೆಯ ಪಡುವಣಕ್ಕೆ ಕಡಲಿನ ಬದಲು ನೆಲವಿತ್ತು. ಆ ನೆಲ ಮಡಗಾಸ್ಕರ್. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಭಾರತ ಮತ್ತು ಮಡಗಾಸ್ಕರ್ ಬೇರೆಯಾದವು. ಭೂಮಿಯ ಮೈ ಹಾಗೆ ಹರಿಯುವಾಗ ಬಿರುಕಿನಿಂದ ಲಾವಾ ಬಂತು. ತೋನ್ಸೆಪಾರಿನ ಕಲ್ಲಿಗೆ ವಿಜ್ಞಾನಿಗಳು ಕೊಟ್ಟ ವಯಸ್ಸು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷಗಳ ಆಸುಪಾಸಿನದು. ಮಡಗಾಸ್ಕರಿನಲ್ಲೂ ಅದೇ ಕಾಲದ ಲಾವಾ ಹರಡಿಕೊಂಡಿದೆ. ಅಗಲಿದ ಆ ನೆಲದ ಗುರುತಾಗಿ ನಮ್ಮ ಕಡೆ ಈ ಕಂಬಗಳು ಉಳಿದವು.

ಆಮೇಲೆ ಭಾರತ ಒಂಟಿಯಾಗಿ ಬಡಗಣಕ್ಕೆ ಹೊರಟಿತು. ಆಗಿನ್ನೂ ಭೂಮಧ್ಯರೇಖೆಯ ತೆಂಕಣಕ್ಕಿತ್ತು. ದಾರಿಯಲ್ಲಿ, ಇಂದು ರಿಯೂನಿಯನ್ ದ್ವೀಪವಿರುವ ಕಡೆಯ ಭೂಗರ್ಭದ ಬಿಸಿಯ ಮೇಲೆ ಹಾದುಹೋಗುವಾಗ ದಖನ್ ಹೊತ್ತಿಕೊಂಡಿತು. ಇಂದಿಗೂ 5 ಲಕ್ಷ ಚದರ ಕಿಲೋಮೀಟರಿನಷ್ಟು ನೆಲವನ್ನು ಮುಚ್ಚಿರುವ ಲಾವಾ ಅದು. ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರಿನವರೆಗೂ ಹಬ್ಬಿತು. ಗೋಳಗುಮ್ಮಟದ ಕಲ್ಲು ಅದರದೇ. ರಿಯೂನಿಯನ್ನಿನ ಜ್ವಾಲಾಮುಖಿ ಈಗಲೂ ಆಗಾಗ ಉಕ್ಕುತ್ತದೆ. ದಖನ್ನಿನ ಬೆಂಕಿ ಇಳಿಯುತ್ತಿದ್ದಂತೆ ಇನ್ನೊಂದು ಅಗಲಿಕೆ ನಡೆಯಿತು. ಸುಮಾರು 6.3 ಕೋಟಿ ವರ್ಷಗಳ ಹಿಂದೆ ಮುಂಬಯಿಯ ಮಗ್ಗುಲಿನಿಂದ ಸೆಶೆಲ್ಸ್ ಕಳಚಿಕೊಂಡಿತು. ಅಂಚು ಹರಿದು ತೆಳುವಾಗಿ ಕುಸಿದಾಗ ಮುಂಬಯಿಯ ಲಾವಾ ಪದರಗಳು ಕಡಲಿನ ಕಡೆಗೆ ಬಾಗಿದವು. ಆ ಕಾಲದ ಕೊನೆಗೊನೆಯ ಬೆಂಕಿ ಗಿಲ್ಬರ್ಟ್ ಹಿಲ್.

ಈ ಎರಡು ಅಗಲಿಕೆಗಳ ಕಲ್ಲುಗಳ ನಡುವೆ ಈಗ ಒಂದು ರಾತ್ರಿಯ ರೈಲಿದೆ. ಮಧ್ಯಾಹ್ನ ಕುರ್ಲಾ ಟರ್ಮಿನಸ್ಸಿನಿಂದ ಹೊರಡುವ ಮತ್ಸ್ಯಗಂಧ ಬೆಳಗಾಗುವ ಹೊತ್ತಿಗೆ ಉಡುಪಿಯ ಕಡೆ ಇರುತ್ತದೆ. 1998ರಲ್ಲಿ ಕೊಂಕಣ ರೈಲು ಪೂರ್ತಿ ತೆರೆದಾಗ ಮುಂಬಯಿಯ ನಮ್ಮವರಿಗೆ ಊರು ಹತ್ತಿರವಾಯಿತು ಎಂದು ಸಂಭ್ರಮಿಸಿದೆವು. ಆ ದಾರಿ ಎಂಥ ನೆಲವನ್ನು ಕೊರೆದು ಹೋಗಿದೆ ಎಂಬುದರ ಸಂಭ್ರಮ ಇನ್ನೂ ಬಾಕಿಯಿದೆ. ರಾಯಗಡ, ರತ್ನಾಗಿರಿಯುದ್ದಕ್ಕೂ ಸುರಂಗಗಳು ದಖನ್ ಲಾವಾದಲ್ಲಿವೆ. ಆರೂವರೆ ಕಿಲೋಮೀಟರಿನ ಕರ್ಬುಡೆ ಸುರಂಗದಲ್ಲಿ ಕಿಟಕಿಯಾಚೆ ಕತ್ತಲೆ ಮಾತ್ರ ಇದೆ ಎಂದು ನಾವು ಕಣ್ಣು ಮುಚ್ಚುತ್ತೇವೆ, ಆದರೆ ಆ ಕತ್ತಲೆಯೆಲ್ಲ ಆರಿದ ಬೆಂಕಿ. ಗೋವಾ ಬರುವ ಹೊತ್ತಿಗೆ ಲಾವಾ ಮುಗಿದು ನೂರಾರು ಕೋಟಿ ವರ್ಷಗಳ ಹಳೆಯ ಕಲ್ಲು ಶುರುವಾಗುತ್ತದೆ, ಮುರಕಲ್ಲಿನ ಕೆಂಪು ನೆಲ ಕಾಣುತ್ತದೆ. ಮಳೆಗಾಲದಲ್ಲಿ ಕಡಲು ಏಳುವುದರಿಂದ ತೋನ್ಸೆಪಾರಿಗೆ ಬೋಟು ಇಲ್ಲ. ಮಳೆ ನಿಂತು ಕಡಲು ಇಳಿದ ಮೇಲೆ ಹೋಗಬೇಕು. ಗಿಲ್ಬರ್ಟ್ ಹಿಲ್ಲಿಗೂ ಅದೇ ಕಾಲ ಸರಿ, ಮೆಟ್ಟಿಲು ಜಾರುವುದಿಲ್ಲ.

ಮಾಮ ಎಲ್ಲವನ್ನೂ ಕಿವಿಗೊಟ್ಟು ಕೇಳಿದರು. ಲೆಕ್ಕ ಬರೆದವರಲ್ಲವೇ, ಅಂಕಿಗಳನ್ನು ಮತ್ತೆ ಮತ್ತೆ ಕೇಳಿ ಗಟ್ಟಿ ಮಾಡಿಕೊಂಡರು.

“ಹಾಗಾದರೆ ಇದು ಆರು ಕೋಟಿ. ನಮ್ಮದು ಎಂಟೂವರೆಗಿಂತ ಕಡಿಮೆ ಇಲ್ಲ.”

“ಹೌದು ಮಾಮ.”

“ಅಂದರೆ ತೋನ್ಸೆಪಾರೇ ದೊಡ್ಡಣ್ಣ.”

“ಎರಡೂವರೆ ಕೋಟಿ ವರ್ಷಕ್ಕೆ ದೊಡ್ಡಣ್ಣ.”

ಅವರ ಮುಖ ಅರಳಿತು. ಅಲ್ಲೇ ಕಟ್ಟೆಯ ಮೇಲಿಂದಲೇ ಮಲ್ಪೆಯ ಅಕ್ಕನಿಗೆ ಫೋನ್ ಹಚ್ಚಿ, ಗುಡಿಯ ಗಂಟೆಯ ಸದ್ದಿಗೆ ಮೇಲಾಗಿ ಕೇಳುವಂತೆ, ತುಳುವಿನಲ್ಲಿ ಮಡಗಾಸ್ಕರಿನ ಕಥೆಯನ್ನು ಮೊದಲಿನಿಂದ ಶುರುಮಾಡಿದರು.